ಫ್ಯೂಜ್ ತೆಗೆದ ತಂತಿ

ಮನೆಭೇಟಿಯ ಫಾರಂನಲ್ಲಿ ಒಟ್ಟು ಹನ್ನೊಂದು ಕಾಲಂಗಳಿದ್ದವು. ಹತ್ತನ್ನು ಕಾಲೇಜಿನ ಕಾಗದಪತ್ರ ಮುಂದಿಟ್ಟುಕೊಂಡು ನಾನೇ ತುಂಬಬಹುದಿತ್ತು. ಒಂಬತ್ತನೆಯದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ವಿದ್ಯಾರ್ಥಿನಿ ವಾಸವಾಗಿರುವ ಮನೆಯ ಹಿರಿಯರು, ಓದಿನ ವಿಷಯ ತಮಗೆ ತಿಳಿದಿದೆ ಎಂದು ಅಲ್ಲಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕಿತ್ತು. ಆ ಒಂದು ಕಾಲಂಗಾಗಿ ನಾನು ಆಗ ಅಲೆದ ಮೂರು ವಾರಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಕೆಲಸ ಮಾಡುತ್ತಿದ್ದ ಟ್ರಸ್ಟು ಇಪ್ಪತ್ತೈದು ದಾಟಿದ, ಓದು ಅರ್ಧಕ್ಕೆ ನಿಂತ ಹೆಂಗಸರು ಮತ್ತೆ ಕಾಲೇಜು ಸೇರುವುದಾದರೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಷರತ್ತು ಒಂದೇ, ಗಂಡಸರೇ ತುಂಬಿರುವ ವಿಷಯ ಆರಿಸಿಕೊಳ್ಳಬೇಕು. ಹೊಲಿಗೆ, ಟೈಪಿಂಗ್ ನಡೆಯದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಡಿಪ್ಲೊಮಾ ಆಗಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ ನನ್ನ ಪಾಲಿಗೆ ಬಂದಿತ್ತು. ಐದೂ ಕಡೆ ತಿರುಗಲು ನಡುವೆ ಸಿಗುತ್ತದೆಂದು ಕೊಟ್ಟೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ಆ ವರ್ಷ ನನ್ನ ಪಟ್ಟಿಯಲ್ಲಿ ಐದು ಜನ ಇದ್ದರು.

ಮನೆಭೇಟಿಯ ನಿಯಮ ಹೊಸದು. ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರ ಕಾಲದಲ್ಲಿ ಒಬ್ಬಾಕೆ ಕಾಲೇಜು ಬಿಟ್ಟು ವರ್ಷವಾಗಿದ್ದರೂ ಚೆನ್ನಾಗಿ ಓದುತ್ತಿದ್ದಾಳೆಂದು ವರದಿ ಹೋಗುತ್ತಲೇ ಇತ್ತು. ಅದು ಗೊತ್ತಾದ ಮೇಲೆ ಟ್ರಸ್ಟಿನ ಕಾರ್ಯದರ್ಶಿಗಳು ಈ ಫಾರಂ ಮಾಡಿಸಿದರು. ತಿಂಗಳ ಕೊನೆಯ ದಿನದೊಳಗೆ ಐದೂ ಫಾರಂ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಆ ವಿದ್ಯಾರ್ಥಿನಿಯ ಮುಂದಿನ ಶುಲ್ಕ ಕಟ್ಟುವುದಿಲ್ಲ. ಶುಲ್ಕ ಕಟ್ಟದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ನಾಲ್ಕು ಮನೆಗಳ ಭೇಟಿ ಸಲೀಸಾಗಿ ಮುಗಿಯಿತು. ಐದನೆಯ ಫೈಲು ತೆರೆದಾಗ ಒಂದು ಹೊಂದಿಕೆಯಾಗದ ಸಂಗತಿ ಕಣ್ಣಿಗೆ ಬಿತ್ತು. ಅರ್ಜಿಯಲ್ಲಿದ್ದ ವಿಳಾಸ ಹಡಗಲಿ ಹತ್ತಿರದ ಒಂದು ಹಳ್ಳಿಯದು, ಆಕೆಯ ತಂದೆಯ ಮನೆ. ಬಸ್ ಪಾಸಿನ ಪ್ರತಿಯಲ್ಲಿದ್ದದ್ದು ಕೋಗಳಿ ಕಡೆಯ ಬೇರೊಂದು ಊರು. ದಿನವೂ ಆ ಊರಿಂದ ಪಾಲಿಟೆಕ್ನಿಕ್ಕಿಗೆ ಬರುವವಳು ಹಡಗಲಿ ವಿಳಾಸ ಏಕೆ ಕೊಟ್ಟಳು? ಹಳೆಯ ಕಥೆ ಮತ್ತೆ ಶುರುವಾಯಿತೇ? ಮರುದಿನವೇ ಪಾಲಿಟೆಕ್ನಿಕ್ಕಿಗೆ ಹೋದೆ.

ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರು ಹಾಜರಿ ಪುಸ್ತಕವನ್ನೇ ನನ್ನ ಮುಂದೆ ತಳ್ಳಿದರು.

“ನೋಡ್ರಿ, ಎರಡನೇ ವರ್ಷದಾಗ ಈಕಿಯಷ್ಟು ಹಾಜರಿ ಯಾವ ಹುಡುಗಂದೂ ಇಲ್ಲ. ಲ್ಯಾಬಿನಾಗ ಕೈ ನಡುಗಂಗಿಲ್ಲ. ಒಂದ ದಿನ ಮಾತ್ರ ನಂಗ ಅರ್ಥ ಆಗಲಿಲ್ಲ. ಹೊಲದ ಮೋಟಾರನ್ನ ಎರಡ ತಂತಿ ಮ್ಯಾಲ ಓಡಸಾಕ ಹಾಕೋ ಕಂಡೆನ್ಸರ್ ಪೆಟ್ಟಿಗಿ ಬಗ್ಗೆ ಪಾಠ ಮಾಡ್ತಿದ್ದೆ. ನಡುವ ಎದ್ದು ಹೊರಗ ಹೋದ್ಲು. ಹೋಗಿ ನೋಡಿದ್ರ ನಳದ ಹತ್ರ ಕುಂತು ವಾಂತಿ ಮಾಡ್ಕೊಳ್ಳಾಕ ಹತ್ತಿದ್ಲು. ಏನಾತಮ್ಮಾ ಅಂದ್ರ, ಏನಿಲ್ರಿ ಸರ್, ಬಿಸಿಲು ಅಂದ್ಲು.”

ಲ್ಯಾಬಿನಲ್ಲಿ ಆಕೆ ಸ್ಟಾರ್ಟರಿಗೆ ವೈರು ಜೋಡಿಸುತ್ತಿದ್ದಳು. ಮೂವತ್ತೆರಡರ ಹೆಂಗಸು. ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಮೇಲೆ ಖಾಕಿ ಕೋಟು ತೊಟ್ಟಿದ್ದಳು. ಸುತ್ತ ಹದಿನೆಂಟರ ಹುಡುಗರು. ಅವರಲ್ಲೊಬ್ಬ ತಪ್ಪು ತುದಿಗೆ ಕೈ ಹಾಕಿದಾಗ ಮಾತಿಲ್ಲದೆ ಅವನ ಮಣಿಕಟ್ಟು ಹಿಡಿದು ಸರಿಸಿದಳು. ನಾನು ಯಾರೆಂದು ಹೇಳಿ, “ಈ ವಾರ ನಿಮ್ಮ ಮನೀಗೆ ಬರಬೇಕಾಗೈತಿ” ಎಂದೆ. ಆಕೆ ಸ್ಕ್ರೂಡ್ರೈವರ್ ಕೆಳಗಿಟ್ಟಳು. ನನ್ನನ್ನು ಹೊರಗೆ ಸೈಕಲ್ ನಿಲ್ಲಿಸುವ ಕಡೆ ಕರೆದುಕೊಂಡು ಹೋದಳು.

“ಮನೀಗೆ ಬರಬ್ಯಾಡ್ರಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕ?”

“ಮನ್ಯಾಗ ನಮ್ಮತ್ತಿ ಅದಾಳ. ನಾನು ಹೊಲಿಗಿ ಕಲಿಯಾಕ ಹೋಗ್ತೀನಿ ಅಂತ ಆಕಿ ತಿಳಕೊಂಡಾಳ. ಒಂದೂವರಿ ವರ್ಷ ಆತು.”

ಹೊಲಿಗೆ ಆಕೆಗೆ ಮದುವೆಗೆ ಮುಂಚೆಯೇ ಬರುತ್ತಿತ್ತು. ಭಾನುವಾರ ಕೂತು ಅಕ್ಕಪಕ್ಕದವರ ಜಂಪರು ಹೊಲಿದು, ವಾರವಿಡೀ ಕಲಿತದ್ದೆಂದು ಅತ್ತೆಗೆ ತೋರಿಸುತ್ತಿದ್ದಳು. ಪುಸ್ತಕಗಳು ಬಟ್ಟೆಯ ಚೀಲದ ತಳದಲ್ಲಿರುತ್ತಿದ್ದವು. ಇದಕ್ಕೆಲ್ಲ ಕಾರಣ ಕೇಳಿದಾಗ ಆಕೆ ನನ್ನ ಮುಖ ನೋಡದೆ ಹೇಳಿದಳು.

“ನಮ್ಮ ಮನಿಯವರು ಕಂಬದ ಮ್ಯಾಲ ಹೋದ್ರು ಮೇಡಂ.”

ಆಕೆಯ ಗಂಡ ಯಾವ ಇಲಾಖೆಯ ನೌಕರನೂ ಅಲ್ಲ. ಯಾರ ಬಳಿಯೂ ಕಲಿತವನಲ್ಲ. ಸುತ್ತಲಿನ ಹೊಲಗಳಲ್ಲಿ ಮೋಟಾರು ಕೆಟ್ಟರೆ, ಕಂಬದಲ್ಲಿ ತಂತಿ ಸಡಿಲಾದರೆ ರೈತರು ಅವನನ್ನು ಕರೆಯುತ್ತಿದ್ದರು. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಗೆಯೇ ಕಂಬ ಹತ್ತಿದವನು ಅಲ್ಲಿಯೇ ಪ್ರಾಣ ಬಿಟ್ಟ. ಇಳಿಸುವಾಗ ಅವನ ಅಂಗಿಯ ಕಿಸೆಯಿಂದ ಸಾರಾಯಿ ಪ್ಯಾಕೆಟ್ಟು ಕೆಳಗೆ ಬಿತ್ತಂತೆ. ಕುಡಿದು ಕಂಬ ಹತ್ತಿದ ಎಂಬ ಮಾತು ಅಂದೇ ಊರಲ್ಲಿ ನಿಂತುಬಿಟ್ಟಿತು. ಮಣ್ಣು ಮಾಡಿ ಬಂದ ಮೂರನೆಯ ದಿನ ಅತ್ತೆ ಮನೆಯ ಕರೆಂಟು ತೆಗೆಸಿದಳು. ಅಂದಿನಿಂದ ಆ ಮನೆಯಲ್ಲಿ ಸೀಮೆಎಣ್ಣೆ ದೀಪ.

“ಅಂಥಾ ಮನ್ಯಾಗಿದ್ದು ನೀ ಎಲೆಕ್ಟ್ರಿಕಲ್ ಯಾಕ ತಗೊಂಡಿ?” ಎಂದೆ.

“ಅವರು ಫ್ಯೂಜ್ ತೆಗೆದ ಮ್ಯಾಲ ಹತ್ತಿದ್ರು ಮೇಡಂ. ಆ ತಂತಿಗೆ ಬಲ್ಬ್ ಹಚ್ಚಿ ನೋಡಿದ್ರು, ಅದು ಹತ್ತಲಿಲ್ಲ. ಹೊಲದ ಮಾಲಕನ ಹಂಗ ಹೇಳ್ಯಾನ. ಹಂಗಾದ್ರ ಹೆಂಗ ಸತ್ರು? ಊರಾಗ ಕೇಳಿದ್ರ, ಕುಡಿದ ನಿಶಾದಾಗ ಬ್ಯಾರೆ ತಂತಿ ಮುಟ್ಯಾನ ಅಂದ್ರು. ನಂಗ ಅದು ಒಪ್ಪಲಿಲ್ಲ.”

ಆಮೇಲೆ ಆಕೆ ವ್ಯವಹಾರಕ್ಕೆ ಬಂದಳು. ತಂದೆ ಹೆಬ್ಬೆಟ್ಟು ಹಾಕುತ್ತಾನೆ, ಹಡಗಲಿಗೆ ಹೋಗಿಬನ್ನಿ, ಅರ್ಜಿಯಲ್ಲಿರುವುದೂ ಅದೇ ವಿಳಾಸವಲ್ಲವೇ ಎಂದಳು. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಅವರೂ, “ತಂದಿ ಅಂದ್ರ ಹಿರಿಯರಲ್ಲೇನ್ರಿ? ಮುಗಸ್ರಿ ಅತ್ಲಾಗ” ಎಂದರು.

ನನಗೂ ಮುಗಿಸುವುದೇ ಬೇಕಿತ್ತು. ಮರುದಿನ ಹಡಗಲಿ ಬಸ್ಸು ಹತ್ತಿದೆ.

ಆಕೆಯ ತಂದೆ ಒಂದಿಷ್ಟು ನೆಲದಲ್ಲಿ ಮಲ್ಲಿಗೆ ಬೆಳೆಯುವವರು. ನಾನು ಹೋದಾಗ ಒದ್ದೆ ಗೋಣಿಯಲ್ಲಿ ಮೊಗ್ಗು ಸುತ್ತಿ ಬಸ್ಸಿಗೆ ಒಯ್ಯುವ ಅವಸರದಲ್ಲಿದ್ದರು. ಫಾರಂ ತೋರಿಸಿದ ಕೂಡಲೇ ಇಂಕಿನ ಪ್ಯಾಡಿಗೆ ಬೆರಳೊತ್ತಿ, ತೋರಿಸಿದ ಕಡೆ ಹೆಬ್ಬೆಟ್ಟು ಹಾಕಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆರಳು ಒರೆಸಿಕೊಳ್ಳುತ್ತ ಮಾತ್ರ ಹೇಳಿದರು:

“ನಾ ಬೀಗತಿ ಮನಿ ಮೆಟ್ಟಿಲು ಹತ್ತಿ ಒಂದೂವರಿ ವರ್ಷ ಆತ್ರಿ. ಹೋದ್ರ ಎಲ್ಲಿ ಬಾಯಿ ತಪ್ಪಿ ಹೇಳಿಬಿಡ್ತೀನೋ ಅಂತ. ಮೊಮ್ಮಗಳ ಮುಖಾನೂ ನೋಡಿಲ್ಲ.”

ತಿರುಗಿ ಬರುವಾಗ ಬಸ್ಸಿನಲ್ಲಿ ಫಾರಂ ಹೊರತೆಗೆದು ಓದಿದೆ. ‘ವಾಸವಾಗಿರುವ ಮನೆಯ ಹಿರಿಯರು.’ ನೀಲಿ ಹೆಬ್ಬೆಟ್ಟು ಆ ಅಕ್ಷರಗಳ ಪಕ್ಕದಲ್ಲೇ ಇತ್ತು. ನಾನು ಸತ್ಯವಂತೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಿಜವಾಗಿ ನನಗೆ ಆದದ್ದು ಹೆದರಿಕೆ. ಕಾರ್ಯದರ್ಶಿಗಳು ಹೇಳದೆ ಕೇಳದೆ ಯಾವುದಾದರೂ ಒಂದು ಮನೆಗೆ ಹೋಗಿ ಪರೀಕ್ಷಿಸುವುದಾಗಿ ಮೊದಲೇ ಎಚ್ಚರಿಸಿದ್ದರು. ಅವರು ಬಸ್ ಪಾಸು ನೋಡಿದರೆ ಸಾಕು. ಇನ್ನೊಂದು ಸುಳ್ಳು ವರದಿ ಸಿಕ್ಕರೆ ಈ ಸೀಮೆಯಲ್ಲಿ ಯೋಜನೆಯನ್ನೇ ನಿಲ್ಲಿಸುವುದು ಖಂಡಿತ. ಕೂಡ್ಲಿಗಿಯಲ್ಲಿ ಮಗುವನ್ನು ತಾಯಿಯ ಬಳಿ ಬಿಟ್ಟು ಸಿವಿಲ್ ಓದುತ್ತಿದ್ದವಳು, ಹರಪನಹಳ್ಳಿಯಲ್ಲಿ ಜಿಲ್ಲೆ ಬದಲಾದ ಗೊಂದಲದಲ್ಲಿ ಪ್ರಮಾಣಪತ್ರಕ್ಕಾಗಿ ದಾವಣಗೆರೆಗೂ ಬಳ್ಳಾರಿಗೂ ಅಲೆದು ಸೀಟು ಹಿಡಿದವಳು, ಎಲ್ಲರದೂ ಮುಳುಗುತ್ತಿತ್ತು. ಜೊತೆಗೆ ಮುಂದಿನ ವರ್ಷ ಆಕೆ ಒಂದು ತಿಂಗಳು ಮನೆ ಬಿಟ್ಟು ಸಬ್‌ಸ್ಟೇಷನ್ನಿನಲ್ಲಿ ತರಬೇತಿಗೆ ಇರಬೇಕಿತ್ತು. ಅದನ್ನು ಯಾವ ಹೊಲಿಗೆಯ ಹೆಸರಲ್ಲಿ ಮುಚ್ಚುವುದು?

ಮೊದಲು ನ್ಯಾಯವಾದ ದಾರಿ ನೋಡೋಣವೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದು, ಈ ಒಬ್ಬಳಿಗೆ ಒಂಬತ್ತನೆಯ ಕಾಲಂನಿಂದ ವಿನಾಯಿತಿ ಕೇಳಿದೆ. ಐದು ದಿನ ಉತ್ತರವಿಲ್ಲ. ಕೊನೆಗೆ ಎಸ್‌ಟಿಡಿ ಬೂತಿನಿಂದ ನಾನೇ ಫೋನು ಮಾಡಿದೆ.

“ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತಮ್ಮ. ಮನೆಯವರಿಗೆ ಗೊತ್ತಿಲ್ಲದ ಓದು ಯಾವತ್ತು ಬೇಕಾದರೂ ನಿಲ್ಲುತ್ತೆ. ಅಂಥದಕ್ಕೆ ನಾವು ಹೇಗೆ ಮುಂದೆ ಕೊಡೋದು?” ಎಂದು ಅವರು ಫೋನು ಇಟ್ಟುಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು.

ಅಂದು ಬೂತಿನ ಹೊರಗಿನ ಬೆಂಚಿನ ಮೇಲೆ ಕೂತು ನಿರ್ಧಾರ ಮಾಡಿದೆ. ತಂದೆಯ ಹೆಬ್ಬೆಟ್ಟಿದ್ದ ಫಾರಂ ಹರಿದು ಹಾಕಿ, ಮರುದಿನ ಬೆಳಿಗ್ಗೆ ಪಾಲಿಟೆಕ್ನಿಕ್ಕಿಗೆ ಹೋಗಿ ಅದನ್ನು ಆಕೆಗೆ ಹೇಳಿದೆ.

“ಹರಿದು ಹಾಕಿದ್ರಾ?” ಆಕೆಯ ದನಿ ಏರಿತು. ವರಾಂಡದ ಹುಡುಗರು ತಿರುಗಿ ನೋಡಿದರು. “ನಿಮಗ ಕಾಗದ ದೊಡ್ಡದಾತಲ್ರಿ! ನಾಳೆ ಆಕಿ ನನ್ನ ಮನಿ ಬಿಟ್ಟು ಹೊರಗ ಹಾಕಿದ್ರ ನಿಮ್ಮ ಟ್ರಸ್ಟ್‌ನವರು ಬಂದು ಇಟ್ಕೊಂತಾರೇನು? ನನ್ನ ಮಗಳನ್ನ ಸಾಕಿದ್ದು ಆಕಿ. ಏಳು ವರ್ಷ ನಂಗ ಒಂದು ಕೆಟ್ಟ ಮಾತು ಆಡಿಲ್ಲ. ಆಕಿಗೆ ನಾ ಏನಂತ ಹೇಳ್ಲಿ?”

“ನೀ ಏನ್ ಹೇಳ್ತೀಯೋ ನಂಗ ಗೊತ್ತಿಲ್ಲ. ಹೇಳೋ ಹೊತ್ತಿನಾಗ ಪಕ್ಕದಾಗ ಕುಂದರ್ತೀನಿ, ಅಷ್ಟ. ನೀ ಕರೆಯೋತನಕ ನಿಮ್ಮೂರ ಬಸ್ ಹತ್ತಂಗಿಲ್ಲ. ಕರೀಲಿಲ್ಲ ಅಂದ್ರ ಆ ಕಾಲಂ ಖಾಲಿ ಬಿಟ್ಟು ಕಳಸ್ತೀನಿ.”

“ಕಳಸ್ರಿ ಹಂಗಾದ್ರ,” ಎಂದು ಆಕೆ ಲ್ಯಾಬಿಗೆ ಹೊರಟುಹೋದಳು.

ಆಮೇಲಿನ ದಿನಗಳಲ್ಲಿ ಉಳಿದ ನಾಲ್ಕು ಫಾರಂಗಳನ್ನು ಮತ್ತೆ ಮತ್ತೆ ಪರಿಶೀಲಿಸುತ್ತಿದ್ದೆ. ನನ್ನ ಕೋಣೆಯ ಕೆಳಗಿನ ಅಂಗಡಿಯಲ್ಲಿ ಫೋನು ಇತ್ತು. ಅದು ಬಡಿದಾಗಲೆಲ್ಲ ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಿದ್ದೆ. ಆರನೆಯ ದಿನ ಫೋನು ಬಂತು. ವಿಭಾಗದ ಮುಖ್ಯಸ್ಥರದು. “ಎರಡು ದಿನ ಆತು, ಆಕಿ ಕಾಲೇಜಿಗೆ ಬಂದಿಲ್ಲ. ಏನ್ ಹೇಳಿದ್ರಿ ನೀವು ಆಕಿಗೆ?” ಅವರ ದನಿಯಲ್ಲಿ ಸಿಟ್ಟಿತ್ತು. ಒಂದೂವರೆ ವರ್ಷದಲ್ಲಿ ಆಕೆ ಕಾರಣ ಹೇಳದೆ ಒಂದು ದಿನವೂ ತಪ್ಪಿಸಿದವಳಲ್ಲ. ನಾನೇ ಆಕೆಯ ಓದು ಮುಗಿಸಿಬಿಟ್ಟೆನೆಂದು ಅನ್ನಿಸಿತು. ಊರಿಗೆ ಹೋಗಿ ನೋಡೋಣವೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಕರೆಯದೆ ಬರುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಎರಡು ಸಲವೂ ಮರಳಿ ಬಂದೆ.

ಎಂಟನೆಯ ದಿನ ಸಂಜೆ ಮತ್ತೆ ಫೋನು. ಈ ಸಲ ಆಕೆಯೇ.

“ನಾಳೆ ಮೊದಲನೇ ಬಸ್ಸಿಗೆ ಬರ್ರಿ. ಅತ್ತಿ ಕುರಿ ಹೊಡಕೊಂಡು ಹೋಗೋಕಿಂತ ಮೊದಲ.”

“ಹೇಳೀಯೇನು?”

“ಇಲ್ರಿ. ನಾಲ್ಕು ದಿನ ಬಾಯಿ ತೆಗಿಯಾಕ ನೋಡಿದೆ. ಆಗಲಿಲ್ಲ.” ಫೋನು ಕಟ್ಟಾಯಿತು.

ಮರುದಿನ ತಿಂಗಳ ಕೊನೆಯ ದಿನದ ಹಿಂದಿನ ದಿನ. ನಾನು ಇಳಿದಾಗ ಆಕೆ ಬಸ್ಸಿನ ಹತ್ತಿರವೇ ನಿಂತಿದ್ದಳು. ಕಲ್ಲಿನ ಗೋಡೆಯ ಎರಡು ಅಂಕಣದ ಮನೆ, ಮುಂದೆ ಮುಳ್ಳಿನ ಬೇಲಿಯ ಕುರಿಹಟ್ಟಿ. ಬೀದಿಯ ಉಳಿದ ಮನೆಗಳಿಗೆಲ್ಲ ಕಂಬದಿಂದ ವೈರು ಹೋಗಿತ್ತು. ಇವರ ಗೋಡೆಯಲ್ಲಿ ಮೀಟರಿದ್ದ ಜಾಗದಲ್ಲಿ ನಾಲ್ಕು ಮೊಳೆಗಳು ಉಳಿದಿದ್ದವು.

ಅತ್ತೆ ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ನನ್ನನ್ನು ಕಂಡು ಮುಖ ಅರಳಿಸಿ ಕಟ್ಟೆಯ ಮೇಲೆ ಕಂಬಳಿ ಹಾಸಿದಳು.

“ಹೊಲಿಗಿ ಟೀಚರಮ್ಮ ಏನ್ರಿ? ಬರ್ರಿ, ಕುಂದರ್ರಿ. ನಮ್ಮಾಕಿ ಚಲೋ ಕಲಿತಾಳೇನ್ರಿ?”

ನಾನು ಸೊಸೆಯ ಮುಖ ನೋಡಿದೆ. ಆಕೆ ಗೋಡೆಗೆ ಆತು ನಿಂತಿದ್ದಳು.

“ಅತ್ತಿ, ಇವರು ಹೊಲಿಗಿ ಟೀಚರಲ್ಲ. ನಾ ಹೊಲಿಗಿ ಕಲಿಯಾಕ ಹೋಗ್ತಿಲ್ಲ. ನಾನು… ಕರೆಂಟಿನ ಕೆಲಸ ಓದಾಕ ಹೋಗ್ತೀನಿ. ಕಾಲೇಜಿಗೆ.”

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ನಿಧಾನವಾಗಿ ಎದ್ದು ಒಳಗೆ ಹೋಗಿ ಸೊಸೆಯ ಬಟ್ಟೆಯ ಚೀಲ ತಂದು ಅಂಗಳಕ್ಕೆ ಸುರಿದಳು. ಅರೆ ಹೊಲಿದ ಜಂಪರು, ಅದರಡಿಯಿಂದ ಎರಡು ದಪ್ಪ ಪುಸ್ತಕ, ಟೆಸ್ಟರ್, ಇಕ್ಕಳ ಬಿದ್ದವು. ಇಕ್ಕಳ ಕಂಡದ್ದೇ ಆಕೆಯ ಮುಖ ಬದಲಾಯಿತು.

“ಇದ್ನ ಮನಿ ಒಳಗ ತಂದೀಯಾ? ನನ್ನ ಮಗನ್ನ ತಿಂದದ್ದು ಸಾಲಲಿಲ್ಲ ಇದಕ್ಕ? ಒಂದೂವರಿ ವರ್ಷ ನನ್ನ ಮುಂದ ಸೂಜಿ ದಾರ ಹಿಡಕೊಂಡು ಕುಂತು ನಾಟಕ ಮಾಡಿದ್ಯಾ? ಏಳ್ರಿ ಟೀಚರಮ್ಮ, ನೀವು ಮೊದಲು ಏಳ್ರಿ. ಎದ್ದು ಹೋಗ್ರಿ.”

ನಾನು ಎದ್ದು ನಿಂತೆ. ಪಕ್ಕದಲ್ಲಿ ಕೂರುತ್ತೇನೆಂದು ಧೈರ್ಯ ಹೇಳಿದ್ದವಳು ಚೀಲ ಹೆಗಲಿಗೆ ಹಾಕಿಕೊಂಡೆ. ಕೂಗು ಕೇಳಿ ಆಚೆ ಮನೆಯವರು ಬಾಗಿಲಿಗೆ ಬಂದಿದ್ದರು. ಎಲ್ಲ ಮುಗಿಯಿತೆಂದುಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಸೊಸೆಯ ದನಿ ಕೇಳಿಸಿತು.

“ಅವರು ಕುಡಿದಿದ್ದಿಲ್ಲ ಅತ್ತಿ.”

ಅತ್ತೆ ಗಕ್ಕನೆ ನಿಂತಳು. “ಏನಂದಿ?”

“ಕುಡಿದಿದ್ದಿಲ್ಲ. ಪ್ಯಾಕೆಟ್ ಒಡೆದಿದ್ದಿಲ್ಲ. ನೀವ ಎತ್ತಿ ತಿಪ್ಪಿಗೆ ಒಗೆದ್ರಿ, ತುಂಬಿದ ಪ್ಯಾಕೆಟ್ಟು. ನಾ ನೋಡೀನಿ, ನೀವೂ ನೋಡೀರಿ. ಆದ್ರ ಊರಾಗ ಕೇಳಿದವರಿಗೆ ಹೇಳಾಕ ನಮ್ಮ ಹತ್ರ ಉತ್ತರ ಇದ್ದಿಲ್ಲ. ಈಗ ಐತಿ. ಅದು ನಂಗ ಕಾಲೇಜಿನಾಗ ಸಿಕ್ತು.”

ಆಕೆ ಹಟ್ಟಿಯ ಬೇಲಿಗೆ ಸಿಕ್ಕಿಸಿದ್ದ ಕುರಿ ಕಟ್ಟುವ ಮೂರು ಹಗ್ಗ ಎಳೆದು ತಂದಳು. ಮೂರರ ಒಂದೊಂದು ತುದಿಯನ್ನು ಸೇರಿಸಿ ಗಂಟು ಹಾಕಿದಳು. ಮೊದಲ ಗಂಟು ಬಿಚ್ಚಿಕೊಂಡು ಮತ್ತೆ ಹಾಕಬೇಕಾಯಿತು.

“ಈ ಗಂಟು ಅಂದ್ರ ಹೊಲದ ಮೋಟಾರು. ಈ ಮೂರು ಹಗ್ಗ ಮೂರು ತಂತಿ. ಅವರು ರಿಪೇರಿ ಮಾಡಬೇಕಿದ್ದದ್ದು ಈ ಒಂದು ತಂತಿ. ಅದರ ಫ್ಯೂಜ್ ತೆಗೆದ್ರು. ಉಳಿದ ಎರಡು ತಂತ್ಯಾಗ ಕರೆಂಟ್ ಹಂಗ ಬಿಟ್ರು, ಪೈರಿಗೆ ನೀರು ನಿಲ್ಲಬಾರದು ಅಂತ. ಹಿಡೀರಿ ಅತ್ತಿ. ಈ ತುದಿ ಹಿಡೀರಿ. ಇದು ಫ್ಯೂಜ್ ತೆಗೆದ ತಂತಿ. ಇದಕ್ಕ ಯಾರೂ ಕರೆಂಟ್ ಕೊಟ್ಟಿಲ್ಲ.”

ಅತ್ತೆ ಹಿಡಿಯಲಿಲ್ಲ. ಸೊಸೆ ಆಕೆಯ ಅಂಗೈ ಬಿಡಿಸಿ ತುದಿಯನ್ನು ಇಟ್ಟು ಬೆರಳು ಮುಚ್ಚಿದಳು. ನಂತರ ಹಿಂದೆ ಸರಿದು ಉಳಿದೆರಡು ಹಗ್ಗಗಳನ್ನು ಎರಡು ಕೈಯಲ್ಲಿ ಹಿಡಿದು, ಗಂಟು ನೆಲದಿಂದ ಮೇಲೇಳುವಂತೆ ಬಿಗಿ ಮಾಡಿದಳು.

“ಅವರು ಬಲ್ಬ್ ಹಚ್ಚಿ ನೋಡಿದಾಗ, ಒಂದು ಫ್ಯೂಜ್ ತೆಗೆದದ್ದಕ್ಕ ಎಲ್ಲಾ ಮೋಟಾರು ನಿಂತಿದ್ವು. ಅದಕ ಹತ್ತಲಿಲ್ಲ. ಅವರು ಕಂಬದ ಮ್ಯಾಲ ಇರೋವಾಗ, ಅದ ಲೈನಿನಾಗ ಯಾರೋ ಒಬ್ರು ಕಂಡೆನ್ಸರ್ ಪೆಟ್ಟಿಗಿ ಇಟ್ಟು ಎರಡ ತಂತಿ ಮ್ಯಾಲ ಮೋಟಾರ್ ಹಾಕಿರಬೇಕು. ಹಾಕಿದ ಕೂಡಲೇ…”

ಆಕೆ ಎರಡೂ ಹಗ್ಗಗಳನ್ನು ಜಗ್ಗಿದಳು.

ಅತ್ತೆಯ ಕೈ ಮುಂದಕ್ಕೆ ಎಳೆದುಕೊಂಡಿತು. ಹಗ್ಗ ಅಂಗೈಯಿಂದ ಜಾರುವಷ್ಟು ಜೋರಾಗಿ. ಆಕೆ ತನ್ನ ಕೈಯನ್ನೇ ನೋಡುತ್ತ ನಿಂತಳು.

“ಇನ್ನೊಮ್ಮಿ,” ಎಂದಳು.

ಸೊಸೆ ಮತ್ತೆ ಜಗ್ಗಿದಳು.

“ಇನ್ನೊಮ್ಮಿ.”

ಮೂರನೆಯ ಸಲ ಅತ್ತೆ ನೆಲಕ್ಕೆ ಕುಸಿದು ಕೂತಳು. ಅತ್ತಳೋ ಎಂದು ನೋಡಿದೆ. ಅಳಲಿಲ್ಲ. ತಲೆಯೆತ್ತಿ ಕೇಳಿದಳು. “ಯಾರು ಹಾಕಿದ್ರು ಮೋಟಾರು?”

“ಗೊತ್ತಿಲ್ಲ ಅತ್ತಿ. ಹಾಕಿದವರಿಗೂ ಗೊತ್ತಿರಂಗಿಲ್ಲ. ತಪ್ಪು ಇವರದೂ ಐತಿ. ಮೂರೂ ಫ್ಯೂಜ್ ತೆಗೀಬೇಕಿತ್ತು. ಬಂದ ಕರೆಂಟ್ ನೆಲಕ್ಕ ಇಳಿಯಂಗ ತಂತಿಗೆ ಸರಪಳಿ ಬಿಗೀಬೇಕಿತ್ತು. ಅದು ತಿಳೀದ ತಪ್ಪು ಅತ್ತಿ, ಕುಡಿದು ಮಾಡಿದ ತಪ್ಪಲ್ಲ. ಕ್ಲಾಸಿನಾಗ ಸರ್ ಹೇಳಿದ ದಿನ ನಂಗ ನಿಂದ್ರಾಕ ಆಗಲಿಲ್ಲ.”

ನಾನು ಚೀಲದಿಂದ ಹೊಸ ಫಾರಂ ತೆಗೆಯಬೇಕೆಂದು ಕೈ ಹಾಕಿ ಹಿಂತೆಗೆದುಕೊಂಡೆ. ಆ ಹೊತ್ತಿನಲ್ಲಿ ಅದನ್ನು ಕೇಳುವುದು ಹೇಗೆ? ಸೊಸೆಯೇ ಕೇಳಿದಳು. ಇಂಥದೊಂದು ಕಾಗದ ಇದೆ, ನಾಳೆ ಮುಟ್ಟಬೇಕು, ನಿಮ್ಮ ಹೆಬ್ಬೆಟ್ಟು ಬೇಕು ಎಂದಳು. ಅತ್ತೆ ತಲೆಯಾಡಿಸಿದಳು.

“ಈಗ ಬ್ಯಾಡ. ಮೊದಲ ನಡಿ.”

“ಎಲ್ಲಿಗೆ?”

ಆಕೆ ಗಂಟು ಹಾಕಿದ ಹಗ್ಗಗಳನ್ನು ಹೆಗಲಿಗೇರಿಸಿ ಹೊರಟಳು. ನಾವಿಬ್ಬರೂ ಹಿಂದೆ ಹೋದೆವು. ಊರ ನಡುವಿನ ಹಿಟ್ಟಿನ ಗಿರಣಿಯ ಮುಂದೆ ಹತ್ತು ಹನ್ನೆರಡು ಗಂಡಸರು ಬೀಡಿ ಸೇದುತ್ತ ಕೂತಿದ್ದರು. ಅವರಲ್ಲಿ ಬಿಳಿ ಮೀಸೆಯ ಒಬ್ಬರ ಮುಂದೆ ಹೋಗಿ ಅತ್ತೆ ನಿಂತಳು. ಅವರ ಹೊಲದಲ್ಲಿದ್ದ ಕಂಬದಲ್ಲಿಯೇ ಅವಳ ಮಗ ತೀರಿಕೊಂಡಿದ್ದನೆಂದು ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ಕುಡಿದಿದ್ದ ಎಂಬ ಮಾತು ಮೊದಲು ಹೊರಟದ್ದೂ ಅವರ ಬಾಯಿಂದಲೇ.

“ಹಿಡ್ಕೊ ಮಾವ,” ಎಂದು ಅತ್ತೆ ಒಂದು ತುದಿ ಚಾಚಿದಳು.

“ಏನವ್ವ ಇದು?”

“ಹಿಡ್ಕೊ ಅಂದ್ನಿ. ಇದು ಫ್ಯೂಜ್ ತೆಗೆದ ತಂತಿ.”

ಸೊಸೆ ಮುಂದೆ ಬರಲು ನೋಡಿದಳು. ಅತ್ತೆ ಕೈ ಅಡ್ಡ ಹಿಡಿದಳು. ಗಂಟು ಮೋಟಾರು, ಈ ಎರಡರಲ್ಲಿ ಕರೆಂಟಿದೆ, ನಿನ್ನ ಕೈಯದರಲ್ಲಿ ಇಲ್ಲ ಎಂದು ಕೆಲವೇ ನಿಮಿಷದ ಹಿಂದೆ ಕೇಳಿದ್ದನ್ನು ಒಂದೂ ಬಿಡದೆ ತಾನೇ ಹೇಳಿದ ಮೇಲೆ ಎರಡು ಹಗ್ಗಗಳನ್ನು ಜಗ್ಗಿದಳು. ಕುರಿ ಎಳೆದು ಪಳಗಿದ ಕೈ. ಮುದುಕರು ಕಟ್ಟೆಯಿಂದ ಮುಂದಕ್ಕೆ ವಾಲಿದರು. ಯಾರೋ ನಕ್ಕರು. ಅವರು ನಗಲಿಲ್ಲ.

“ನನ್ನ ಮಗ ಕುಡಿದಿದ್ದಿಲ್ಲ,” ಎಂದಳು ಅತ್ತೆ. “ನೀ ಏಳು ವರ್ಷ ಅಂದ್ಯಲ್ಲ. ಈಗ ಇಷ್ಟು ಮಂದಿ ಮುಂದ ಹೇಳು.”

ಹರೆಯದ ರೈತನೊಬ್ಬ, ಹೀಗೂ ಆಗುವುದುಂಟೇ ಎಂದು ಸೊಸೆಯನ್ನು ಕೇಳಿದ. ಎರಡು ತಂತಿಯ ಕರೆಂಟು ಮೋಟಾರಿನೊಳಗೆ ಹಾದು ಫ್ಯೂಜ್ ತೆಗೆದ ಮೂರನೆಯ ತಂತಿಗೆ ತಿರುಗಿ ಬರುತ್ತದೆಂದು ಆಕೆ ಲೆಕ್ಕ ಬಿಡಿಸಿದ ಹಾಗೆ ಮತ್ತೊಮ್ಮೆ ವಿವರಿಸಿದಳು. ಹೀಗೆ ಎರಡು ಫೇಸಿನಲ್ಲಿ, ಅಂದರೆ ಎರಡೇ ತಂತಿಯ ಮೇಲೆ, ಮೋಟಾರು ಓಡಿಸುವವರು ಯಾರ್ಯಾರು ಎಂದು ಕೇಳಿದಳು. ಅಲ್ಲಿದ್ದವರೆಲ್ಲರೂ ಓಡಿಸುತ್ತಿದ್ದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕೂತಿದ್ದ ಒಬ್ಬರು ಮೆಲ್ಲನೆ ಹೇಳಿದರು.

“ಅವತ್ತು ಮಧ್ಯಾಹ್ನ ನಂದೂ ಮೋಟಾರ್ ಹಾಕಿದ್ದೆ ಕಾಣ್ತೈತಿ…”

ಅತ್ತೆ ಅವರತ್ತ ನೋಡಿದಳು. ಮತ್ತೆ ಬಿಳಿ ಮೀಸೆಯವರ ಕಡೆಗೇ ತಿರುಗಿದಳು. ಬಿಳಿ ಮೀಸೆಯವರು ಹಗ್ಗವನ್ನು ಮಡಚಿ ಆಕೆಯ ಕೈಗೆ ಕೊಟ್ಟು, “ನಂಗ ತಿಳೀಲಿಲ್ಲವ್ವ. ತಪ್ಪಾತು. ಕುಡಿದಿದ್ದಿಲ್ಲ ನಿನ್ನ ಮಗ,” ಎಂದರು.

ಗಿರಣಿಯ ಕಟ್ಟೆಯ ಮೇಲೆಯೇ ಫಾರಂ ಇಟ್ಟು ಅತ್ತೆಯ ಹೆಬ್ಬೆಟ್ಟು ಹಾಕಿಸಿದೆ. ಆಮೇಲೆ ಎಲ್ಲ ಸರಿಹೋಯಿತೆಂದಲ್ಲ. ಮನೆಗೆ ಹಿಂದಿರುಗುವಾಗ ಆಕೆ ಸೊಸೆಯೊಡನೆ ಒಂದು ಮಾತೂ ಆಡಲಿಲ್ಲ. ಓದಿನ ವಿಷಯ ಒಪ್ಪಿದರೂ, ಒಂದೂವರೆ ವರ್ಷದ ಸುಳ್ಳನ್ನು ನುಂಗಿಕೊಳ್ಳಲು ಆಕೆಗೆ ಆಗಿರಲಿಲ್ಲ. ಮುಂದೆ ಎರಡು ತಿಂಗಳು ಮೊಮ್ಮಗಳ ಮೂಲಕವೇ ಇಬ್ಬರ ಮಾತು ನಡೆಯಿತಂತೆ. ಹಡಗಲಿಯ ತಂದೆ ಬಂದು ಹೋದ ಮೇಲೆ ಅದು ಸಡಿಲವಾಯಿತೆಂದು ಸೊಸೆ ಹೇಳಿದಳು.

ನನ್ನನ್ನು ಬಸ್ಸಿಗೆ ಹತ್ತಿಸಲು ಮಾತ್ರ ಅತ್ತೆಯೇ ಬಂದಳು. ಬಸ್ಸು ತಡವಾಗಿತ್ತು. ಇಬ್ಬರೂ ಬೇವಿನ ಮರದ ಕೆಳಗೆ ನಿಂತಿದ್ದೆವು. ಆಕೆ ಇದ್ದಕ್ಕಿದ್ದಂತೆ ಕೇಳಿದಳು.

“ಮೂರೂ ತೆಗೀಬೇಕು ಅಂತ ಅವಂಗ ಯಾರು ಹೇಳಬೇಕಿತ್ರಿ?”

ಅದೊಂದು ನಿಜವಾದ ಪ್ರಶ್ನೆ. ಆಕೆ ನನ್ನಿಂದ ಒಂದು ಹೆಸರು ಬಯಸುತ್ತಿದ್ದಳು. ಹೊಲದವರು ಅವನನ್ನು ಕರೆದರು, ಅವನು ಹೋದ. ಯಾರೂ ಅವನಿಗೆ ಕಲಿಸಿರಲಿಲ್ಲ, ಕಲಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಮರುದಿನ ಫಾರಂಗಳನ್ನು ನಾನೇ ಹೊತ್ತು ಹೋಗಿ ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ.

ಸೊಸೆಗೆ ಡಿಪ್ಲೊಮಾ ಮುಗಿಸಲು ಉಳಿದವರಿಗಿಂತ ಆರು ತಿಂಗಳು ಹೆಚ್ಚು ಹಿಡಿಯಿತು. ಗಣಿತದ ಒಂದು ಪತ್ರಿಕೆಯನ್ನು ಎರಡು ಸಲ ಬರೆಯಬೇಕಾಯಿತು. ನಂತರ ಮೇಲ್ವಿಚಾರಕರ ಪರವಾನಗಿ ಪಡೆದು ಒಬ್ಬ ಗುತ್ತಿಗೆದಾರರ ಬಳಿ ಲೈನ್ ಎಳೆಯುವ ತಂಡಕ್ಕೆ ಸೇರಿದಳು. ಅವಳ ಕೈಕೆಳಗೆ ಕೆಲಸ ಮಾಡಿದ ಒಬ್ಬರು ಕೆಲವು ವರ್ಷಗಳ ನಂತರ ಉಜ್ಜಿನಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಾತಿಗೆ ಮಾತು ಬಂದು ಆಕೆಯ ವಿಷಯ ಬಂತು.

“ಬಾಳ ಖಡಕ್ ಮೇಡಂ ರೀ,” ಎಂದರು. “ಎಷ್ಟ ಅರ್ಜೆಂಟ್ ಇರ್ಲಿ, ಎಂಥಾ ದೊಡ್ಡ ಮನಷಾ ಹೇಳ್ಲಿ, ಮೂರೂ ಫ್ಯೂಜ್ ತಂದು ಆಕಿ ಕೈಯಾಗ ಕೊಡಬೇಕ್ರಿ. ಅವ್ನ ಎಣಿಸಿ ಕೋಟಿನ ಕಿಸೇದಾಗ ಹಾಕ್ಕೊಂಡ ಮ್ಯಾಲ ಕಂಬ ಹತ್ತಾಕ ಬಿಡ್ತಾಳ. ಎಲ್ಲಾರೂ ಕೆಳಗ ಇಳಿಯೋತನಕ ಆ ಕಿಸೆ ಮ್ಯಾಲಿನ ಕೈ ತೆಗೆಯಂಗಿಲ್ಲ.”